ಡ್ರಾಯರಿನಲ್ಲಿ ಬಿಟ್ಟುಹೋದ ಸಹಿಗಳು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ಒಂಬತ್ತು ರಫ್ತು ಸರ್ಟಿಫಿಕೇಟ್. ಸಹಿ, ಸೀಲು, ಸಹಿ, ಸೀಲು. ಶಾಯಿ ನೀಲಿಯೇ ಆಗಬೇಕು — ಕಪ್ಪಾದರೆ ಆ ಕಡೆ ಬಂದರಿನಲ್ಲಿ ಜೆರಾಕ್ಸ್ ಎಂದು ಅನುಮಾನಪಟ್ಟು ಕಂಟೇನರನ್ನೇ ನಿಲ್ಲಿಸಿಬಿಡುತ್ತಾರೆ. ಮಧ್ಯಾಹ್ನ ಜೇನಿನ ಘಟಕ. ರಫ್ತಿಗೆ ಎಪ್ಪತ್ತೆರಡು ಡ್ರಮ್ಮು. ಮುಚ್ಚಳ ತೆಗೆಸಿ, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದೆ. ಚಪ್ಪಲಿ ನೆಲಕ್ಕೆ ಅಂಟಿ ಅಂಟಿ ಹೆಜ್ಜೆ ಕೀಳುವುದೇ ಒಂದು ಕೆಲಸ.

ಮನೆಗೆ ಬಂದರೆ ಇವರ ಹಳೇ ಜೋಕು. “ಡಾಕ್ಟರಮ್ಮ ಬಂದ್ರು. ಇವತ್ತು ಎಷ್ಟು ಜೇನುಹುಳಕ್ಕೆ ಜ್ವರ ನೋಡಿದ್ರಿ?” ಹದಿನಾರು ವರ್ಷದಿಂದ ಅದೇ ಜೋಕು. ನಗುವವರೂ ಅವರೊಬ್ಬರೇ.

ಆಫೀಸಿನಲ್ಲಿ ಅಕ್ಕ ಇಡೀ ದಿನ ಸಿಡಿಮಿಡಿ. ಮಾರ್ಚಿನಲ್ಲಿ ಹೊರದೇಶದ ಇನ್ಸ್‌ಪೆಕ್ಟರುಗಳು ಬರುತ್ತಾರೆ, ಅಂತರರಾಷ್ಟ್ರೀಯ ಸಹಕಾರ ವಿಭಾಗ ಪೂರ್ತಿ ಅವಳ ತಲೆ ಮೇಲೆ. ನಮ್ಮ ಜೇನಿಗೆ ಆ ದೇಶದ ಬಾಗಿಲು ತೆಗೆಸಲು ಆರು ವರ್ಷ ಪತ್ರ ಬರೆದವಳು ಅವಳು. ಒಡಹುಟ್ಟಿದವಳಲ್ಲ. ಪಶುವೈದ್ಯ ಕಾಲೇಜಿನಲ್ಲಿ ಎರಡು ವರ್ಷ ದೊಡ್ಡವಳು, ಹಾಸ್ಟೆಲಿನಲ್ಲಿ ಒಂದೇ ರೂಮು. ಮೊದಲ ಸಲ ಹಸುವಿನ ಹೆರಿಗೆ ಮಾಡಿಸಲು ಹೋಗಿ ನಾನು ತಲೆ ಸುತ್ತಿ ಬಿದ್ದಾಗ ಹಿಡಿದುಕೊಂಡವಳು. ಈ ಕೆಲಸಕ್ಕೆ ಅರ್ಜಿ ಹಾಕಿಸಿದವಳೂ ಅವಳೇ. ಆವಾಗಿನಿಂದ ಅಕ್ಕ.

ಫೆಬ್ರವರಿ 5, ಬುಧವಾರ, ಬೆಳಿಗ್ಗೆ 10.20

ಪುಟ್ಟಿಯ ಶಾಲೆಯಿಂದ ಫೋನ್. ಹೊಟ್ಟೆನೋವು, ವಾಂತಿ. ಅಪೆಂಡಿಕ್ಸ್ ಇರಬಹುದಂತೆ. ಇವರು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಹೊರಟೆ.

ಐದು ಖಾಲಿ ಫಾರಂಗೆ ಸಹಿ ಹಾಕಿ, ಸೀಲು ಒತ್ತಿ ಅಕ್ಕನ ಡ್ರಾಯರಿನಲ್ಲಿಟ್ಟೆ. ಯಾರಾದರೂ ರಜೆ ಹಾಕಿದರೆ ನಮ್ಮಲ್ಲಿ ನಡೆಯುವುದೇ ಹೀಗೆ. ಇಲ್ಲದಿದ್ದರೆ ಲಾರಿ ಗೇಟಿನಲ್ಲಿ, ಹಡಗು ಸಮುದ್ರದಲ್ಲಿ. ತಪ್ಪೆಂದು ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ.

“ಲ್ಯಾಬ್ ರಿಪೋರ್ಟ್ ಬಂದಿರೋದಕ್ಕೆ ಮಾತ್ರ, ಅಕ್ಕ.”

“ನನಗೇ ಪಾಠ ಹೇಳ್ತೀಯಲ್ಲೇ! ಹೋಗು, ಮೊದಲು ಮಗು ನೋಡು.”

ಆಟೋ ಬಂತು —

ಫೆಬ್ರವರಿ 11, ಮಂಗಳವಾರ

ಪುಟ್ಟಿ ನಿನ್ನೆ ಮನೆಗೆ ಬಂದಳು. ಹೊಲಿಗೆಯನ್ನು ಬಂದವರಿಗೆಲ್ಲ ತೋರಿಸುತ್ತಾಳೆ, ಗ್ಯಾಸ್ ಸಿಲಿಂಡರಿನವನಿಗೂ. ಅತ್ತೆ ತಲೆ ಚಚ್ಚಿಕೊಂಡರು.

ಆಫೀಸಿಗೆ ಅರ್ಧ ದಿನ. ಅಕ್ಕ ಎರಡು ಫಾರಂ ವಾಪಸ್ ಕೊಟ್ಟಳು. “ಮೂರು ಹೋಯ್ತು. ಎಲ್ಲ ಸರಿಯಾಗಿದೆ.” ಆ ಎರಡನ್ನೂ ಹರಿದು ಬುಟ್ಟಿಗೆ ಹಾಕಿದೆ. ಹೋದ ಮೂರು ಯಾವುವು ಎಂದು ಫೈಲ್ ತೆಗೆದು ನೋಡಲಿಲ್ಲ. ಅಕ್ಕ ಹೇಳಿದ ಮೇಲೆ ನೋಡುವುದೇನು.

ಮಾರ್ಚ್ 6, ಗುರುವಾರ

ಹೊರದೇಶದಿಂದ ಅಲರ್ಟ್. ಜೇನು, ಎಪ್ಪತ್ತೆರಡು ಡ್ರಮ್ಮು, ಆಂಟಿಬಯಾಟಿಕ್ ಅಂಶ ಪತ್ತೆ. ಇಡೀ ಕಂಟೇನರ್ ತಡೆದಿದ್ದಾರೆ. ಸರ್ಟಿಫಿಕೇಟಿನ ಸ್ಕ್ಯಾನ್ ಜೊತೆಗಿದೆ. ಸಹಿ ನನ್ನದು. ಸೀಲು ನನ್ನದು. ತಾರೀಖು ಫೆಬ್ರವರಿ 6. ಅವತ್ತು ನಾನು ಆಪರೇಷನ್ ಥಿಯೇಟರಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ.

ಫೈಲ್ ತೆಗೆದೆ. ಲ್ಯಾಬ್ ರಿಪೋರ್ಟ್ ಬಂದದ್ದು 10ಕ್ಕೆ, ನಾನು ಆಫೀಸಿಗೆ ಮರಳುವ ಹಿಂದಿನ ದಿನ. ಫೇಲ್. ಆ ಹೊತ್ತಿಗೆ ಡ್ರಮ್ಮುಗಳು ಹಡಗಿನಲ್ಲಿ. ಅಂದರೆ 11ಕ್ಕೆ ‘ಎಲ್ಲ ಸರಿಯಾಗಿದೆ’ ಎಂದಾಗ... ಇಲ್ಲ. ಗುಮಾಸ್ತರು ನೇರ ಫೈಲಿಗೆ ಹಾಕಿರಬೇಕು. ಅಕ್ಕ ನೋಡಿರಲಾರಳು.

ಮಾರ್ಚ್ 7, ಶುಕ್ರವಾರ

ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. “ಘಟಕದವರು ಪ್ರಾಣ ತಿಂದ್ರು ಕಣೇ. ಹಡಗು ಹೋಗತ್ತೆ ಅಂದ್ರು. ಲ್ಯಾಬಿನವರು ಫೋನಲ್ಲಿ ‘ಕ್ಲಿಯರ್ ಇರೋ ಹಾಗಿದೆ’ ಅಂದ್ರು. ನಂಬಿಬಿಟ್ಟೆ.” ಕಣ್ಣೊರೆಸಿಕೊಂಡಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಳುವುದನ್ನು ನೋಡಿದ್ದು ಎರಡನೆಯ ಸಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ಈಗ ಏನೂ ಹೇಳ್ಬೇಡ. ಇನ್ಸ್‌ಪೆಕ್ಟರುಗಳು ಬಂದು ಹೋಗ್ಲಿ. ಆಮೇಲೆ ನಿರ್ದೇಶಕರ ಹತ್ರ ನಾನೇ ಹೋಗಿ ಒಪ್ಕೊತೀನಿ. ಅಲ್ಲಿವರೆಗೂ ಯಾರು ಕೇಳಿದ್ರೂ ನೀನೇ ನೋಡಿ ಸಹಿ ಹಾಕಿದ್ದು. ಸರಿನಾ?”

ಸರಿ ಎಂದೆ.

ಮಾರ್ಚ್ 9, ಭಾನುವಾರ

ಅಕ್ಕ ಮನೆಗೆ ಬಂದಿದ್ದಳು. ಪುಟ್ಟಿಗೆ ಇಪ್ಪತ್ನಾಲ್ಕು ಬಣ್ಣದ ಪೆನ್ಸಿಲ್. ಅವಳೋ ಅಂಗಿ ಎತ್ತಿ “ದೊಡ್ಡಮ್ಮ, ಹೊಲಿಗೆ ನೋಡಿ” ಎಂದು ಶುರು ಮಾಡಿದಳು. ಅತ್ತೆಯ ಮಂಡಿನೋವಿಗೆ ಒಂದು ಎಣ್ಣೆಯ ಹೆಸರು ಬರೆದುಕೊಟ್ಟಳು. ಎರಡು ಸಲ ಬಡಿಸಿಕೊಂಡು ಉಂಡಳು. ಹೊರಡುವಾಗ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, “ನಾನಿದ್ದೀನಲ್ಲ. ನಿನ್ನ ಕೂದಲೂ ಕೊಂಕೋಕೆ ಬಿಡಲ್ಲ” ಎಂದಳು.

ಮನಸ್ಸು ಹಗುರಾಯಿತು. ಮೂರು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಮಾರ್ಚ್ 16, ಭಾನುವಾರ

ರಜೆಯಲ್ಲೂ ಆಫೀಸು. ಮಂಗಳವಾರ ಇನ್ಸ್‌ಪೆಕ್ಟರುಗಳು ಬರುತ್ತಾರೆಂದು ಎಲ್ಲರೂ ಧೂಳು ಹೊಡೆದದ್ದೇ ಹೊಡೆದದ್ದು. ಮದುವೆಮನೆ ಹಾಗೆ ಗಡಿಬಿಡಿ. ವರ ಮಾತ್ರ ತಪ್ಪು ಹುಡುಕಲು ಬರುವವನು. ನನ್ನ ಬೀರುವಿನ ತಳದಲ್ಲಿ ಒಂದು ಹಳೇ ಫಾರಂ ಸಿಕ್ಕಿತು. ಖಾಲಿ. ಕೆಳಗೆ ಅಕ್ಕನ ಸಹಿ, ಅಕ್ಕನ ಸೀಲು. ಒಂಬತ್ತು ವರ್ಷದ ಹಿಂದೆ ಅವಳ ತಂದೆ ತೀರಿಕೊಂಡಾಗ ನಾಲ್ಕು ಫಾರಂ ನನ್ನ ಕೈಗೆ ಕೊಟ್ಟು ಹೋಗಿದ್ದಳು. ಆಗ ಸಹಿ ಹಾಕುವ ಅಧಿಕಾರ ಅವಳದ್ದು. ಅವತ್ತೇ ನಾನು ಈ ಪದ್ಧತಿ ಕಲಿತದ್ದು. ಮೂರನ್ನು ಬಳಸಿದ್ದೆ, ಪ್ರತಿಯೊಂದಕ್ಕೂ ಮೊದಲು ಡ್ರಮ್ಮು ಎಣಿಸಿ, ರಿಪೋರ್ಟ್ ಓದಿ. ಇದು ಉಳಿದುಬಿಟ್ಟಿದೆ.

ಹರಿಯಲು ಮನಸ್ಸು ಬರಲಿಲ್ಲ. ನಂಬಿ ಕೊಟ್ಟದ್ದು ಅನಿಸಿತು. ಈ ದಿನಚರಿಯ ರಟ್ಟಿನ ಒಳಗೆ ಇಟ್ಟಿದ್ದೇನೆ. ಎಲ್ಲ ಮುಗಿದ ಮೇಲೆ ತೋರಿಸಿ ಇಬ್ಬರೂ ನಗಬೇಕು.

ಮಾರ್ಚ್ 19, ಬುಧವಾರ

ಮೂವರು ಇನ್ಸ್‌ಪೆಕ್ಟರುಗಳು. ಹಿರಿಯರಿಗೆ ಬಿಳಿ ಗಡ್ಡ, ಮಾತು ಮೆಲ್ಲಗೆ. ಜೇನಿನ ಘಟಕದಲ್ಲಿ ಎಲ್ಲರನ್ನೂ ಮುಂದೆ ಕಳಿಸಿ ನನ್ನ ಪಕ್ಕ ನಿಂತರು. ಸರ್ಟಿಫಿಕೇಟಿನ ಪ್ರತಿ ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು — ಈ ಡ್ರಮ್ಮುಗಳನ್ನು ಕಳಿಸುವ ದಿನ ನೀವೇ ನೋಡಿದಿರಾ? ಸಹಿ ಹಾಕುವಾಗ ರಿಪೋರ್ಟ್ ನಿಮ್ಮ ಕೈಯಲ್ಲಿತ್ತಾ?

ಹೌದು ಎಂದೆ.

ಇನ್ನೊಂದು ಸಲ ಕೇಳಿದರು. ನಿಧಾನವಾಗಿ, ನನ್ನ ಮುಖವನ್ನೇ ನೋಡುತ್ತ. ಯೋಚನೆ ಮಾಡಿ ಹೇಳಿ ಎಂದರು.

ಹೌದು, ನಾನೇ ನೋಡಿದೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ ತಲೆ ಅಲ್ಲಾಡಿಸಿದರು. ಅದು ಒಪ್ಪಿಗೆಯೋ ಬೇಸರವೋ ತಿಳಿಯಲಿಲ್ಲ.

ಮಾರ್ಚ್ 21, ಶುಕ್ರವಾರ

ಹೋದರು. ಕೊನೆಯ ಮೀಟಿಂಗಿಗೆ ಅಕ್ಕ ನನ್ನನ್ನು ಕರೆಯಲಿಲ್ಲ. “ಹೇಳಬೇಕಾದ್ದೆಲ್ಲ ನಾನು ಹೇಳ್ತೀನಿ, ನೀನು ಸುಮ್ನೆ ಟೆನ್ಷನ್ ಮಾಡ್ಕೊತೀಯ.” ಸಂಜೆ ಬಂದು ತಬ್ಬಿಕೊಂಡಳು. “ಬಚಾವಾದ್ವಿ ಕಣೇ! ಅವರ ಒಪ್ಪಿಗೆ ಲಿಸ್ಟಲ್ಲಿ ನಮ್ಮ ಜೇನಿನ ಘಟಕಗಳು ಉಳಿಯತ್ವೆ.” ಸೋಮವಾರ ನಿರ್ದೇಶಕರ ಹತ್ತಿರ ಹೋಗುತ್ತಾಳಂತೆ.

ಮಾರ್ಚ್ 31, ಸೋಮವಾರ

ಇನ್ನೂ ಹೋಗಿಲ್ಲ. “ನಿರ್ದೇಶಕರ ಮೂಡ್ ಸರಿಯಿಲ್ಲ.” ನೆನಪಿಸಲು ನನಗೇ ನಾಚಿಕೆ.

ಏಪ್ರಿಲ್ 8, ಮಂಗಳವಾರ

ಇನ್ಸ್‌ಪೆಕ್ಷನ್ ರಿಪೋರ್ಟ್ ಬಂತು. ನಲವತ್ತು ಪುಟ. ನಮ್ಮ ಹನ್ನೊಂದು ಜೇನಿನ ಘಟಕಗಳೂ ಲಿಸ್ಟಿನಲ್ಲಿ ಉಳಿದಿವೆ. ಕಾರಣ — ‘ವ್ಯವಸ್ಥೆಯ ದೋಷವಲ್ಲ, ಒಬ್ಬ ಅಧಿಕಾರಿಯ ವೈಯಕ್ತಿಕ ಲೋಪ. ಆಕೆ ಸರಕನ್ನೂ ನೋಡದೆ, ರಿಪೋರ್ಟಿಗೂ ಕಾಯದೆ ಸಹಿ ಹಾಕಿದ್ದಾರೆ. ವಿಚಾರಿಸಿದಾಗ ಸುಳ್ಳು ಹೇಳಿದ್ದಾರೆ.’ ಕೆಳಗೆ ನನ್ನ ಸೀಲಿನ ನಂಬರು.

ಕೊನೆಗೆ ಅನುಬಂಧ. ನಮ್ಮ ಕಚೇರಿಯಿಂದ ಅವರಿಗೆ ಹೋದ ಗೋಪ್ಯ ಪತ್ರ. ಆಂತರಿಕ ವಿಚಾರಣೆ ಮುಗಿದಿದೆ, ತಪ್ಪು ಈ ಅಧಿಕಾರಿಯದ್ದು, ನಿಮ್ಮ ಭೇಟಿಯ ನಂತರ ಆಕೆಯ ಸೀಲು ಹಿಂಪಡೆಯುತ್ತೇವೆ, ಅಲ್ಲಿಯವರೆಗೆ ಆಕೆಗೆ ತಿಳಿಸುವುದಿಲ್ಲ. ಸಹಿ ಅಕ್ಕನದು. ತಾರೀಖು ಮಾರ್ಚ್ 8.

ಮನೆಗೆ ಬಂದು ಈ ಪುಸ್ತಕದ ಪುಟ ಹಿಂದಕ್ಕೆ ತಿರುಗಿಸಿದೆ. ಮಾರ್ಚ್ 9, ಭಾನುವಾರ. ಪೆನ್ಸಿಲ್. ಎಣ್ಣೆ. ಎರಡು ಸಲ ಬಡಿಸಿಕೊಂಡು ಉಂಡಳು. ಕೂದಲೂ ಕೊಂಕೋಕೆ ಬಿಡಲ್ಲ.

ಹಿಂದಿನ ದಿನವೇ ಪತ್ರ ಹೋಗಿತ್ತು. ಹಾಗಾಗಿ ಆ ಗಡ್ಡದವರಿಗೂ ಗೊತ್ತಿತ್ತು. ಎರಡು ಸಲ ಕೇಳಿದ್ದು ನನಗೆ ಕೊಟ್ಟ ಅವಕಾಶ. ಎರಡು ಸಲವೂ ಅಕ್ಕನ ಮಾತು ಉಳಿಸಿದೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆಯೇ ಹೋದೆ. ಬಾಗಿಲು ನಾನೇ ಹಾಕಿದೆ. ಪತ್ರ ಮುಂದಿಟ್ಟೆ. ಅಕ್ಕ ಓದುವ ನಾಟಕ ಮಾಡಲಿಲ್ಲ.

“ಖಾಲಿ ಸಹಿ ನಮ್ಮ ಪದ್ಧತಿ ಅಂದ್ರೆ ಹನ್ನೊಂದು ಘಟಕನೂ ಲಿಸ್ಟಿಂದ ಹೋಗ್ತಿತ್ತು. ಜೇನು ಒಂದೇ ಅಲ್ಲ, ಹಾಲಿನ ಪುಡಿ, ಮೀನು, ಎಲ್ಲದರ ಮೇಲೂ ಅನುಮಾನ. ಒಬ್ಬರ ತಪ್ಪು ಅಂದ್ರೆ ಒಬ್ಬರೇ ಹೋಗ್ತಾರೆ.”

“ಆ ಒಬ್ಬರು ನೀನು ಯಾಕಾಗ್ಲಿಲ್ಲ?”

“ಸಹಿ ನಿಂದಿತ್ತು.”

ಪತ್ರವನ್ನು ನನ್ನ ಕಡೆಗೆ ತಳ್ಳಿ, “ಬರೆಯೋವಾಗ ನನಗೆಷ್ಟು ಸಂಕಟ ಆಯ್ತು ಗೊತ್ತಾ?” ಎಂದಳು.

ಸಂಕಟವಂತೆ. ಸಂಕಟಪಟ್ಟುಕೊಂಡೇ ನನ್ನ ತಲೆ ಮೇಲೆ ಗೂಬೆ ಕೂರಿಸಿದಳು. ಮಾರನೇ ದಿನ ಬಂದು ಅದೇ ತಲೆ ಸವರಿದಳು. ತಪ್ಪು ಮಾಡಿದ್ದಕ್ಕೆ ನನಗೆ ಇಷ್ಟು ಉರಿಯುತ್ತಿಲ್ಲ. ಕೇಳಿದ್ದರೆ, ‘ಬೇರೆ ದಾರಿ ಇಲ್ಲ, ನಿನ್ನ ಹೆಸರು ಕೊಡ್ತೀನಿ’ ಎಂದು ಎದುರಿಗೆ ಹೇಳಿದ್ದರೆ, ಹೂಂ ಎನ್ನುತ್ತಿದ್ದೆನೋ ಏನೋ. ಅಷ್ಟು ಪೆದ್ದಿ ನಾನು. ಕೇಳುವ ಮರ್ಯಾದೆಗೂ ನಾನು ಲಾಯಕ್ಕಾಗಲಿಲ್ಲ ಅವಳಿಗೆ.

ಮೂರು ಗಂಟೆಗೆ ಸೀಲು ಒಪ್ಪಿಸಿದೆ. ಹಿಡಿ ಸವೆದು ನನ್ನ ಬೆರಳಿನ ಆಕಾರಕ್ಕೇ ಬಂದಿತ್ತು. ಗುಮಾಸ್ತರು ರಶೀದಿ ಕೊಡುವಾಗ ತಲೆ ಎತ್ತಲಿಲ್ಲ. ಜೊತೆಗೆ ಮೆಮೊ: ಸೋಮವಾರದೊಳಗೆ ಲಿಖಿತ ವಿವರಣೆ, ಇಲ್ಲವಾದರೆ ಸಸ್ಪೆಂಡ್.

ಏಪ್ರಿಲ್ 10, ಗುರುವಾರ

ಇವರಿಗೆ ಎಲ್ಲ ಹೇಳಿದೆ. ಜೋಕು ಬರಲಿಲ್ಲ. “ಖಾಲಿ ಸಹಿ ಹಾಕಿದ್ದು ನೀನೇ ತಾನೆ?” ಎಂದರು. ಹೌದು. “ಹಾಗಾದ್ರೆ ಅದನ್ನೂ ಬರಿ. ಆದ್ರೆ ಅದೊಂದನ್ನೇ ಬರೀಬೇಡ.”

ಏಪ್ರಿಲ್ 13, ಭಾನುವಾರ, ಬೆಳಿಗ್ಗೆ 11

ಬರೆದೆ. ಒಂದೂವರೆ ಪುಟ. ಐದು ಖಾಲಿ ಫಾರಂ. ಆಸ್ಪತ್ರೆಯ ತಾರೀಖು. ಹೋದ ಮೂರರಲ್ಲಿ ಈ ಜೇನಿನದೂ ಒಂದು. ಇನ್ಸ್‌ಪೆಕ್ಟರ್ ಮುಂದೆ ನಾನು ಹೇಳಿದ ಸುಳ್ಳು, ಅದನ್ನು ಹೇಳಲು ಹೇಳಿದವರು ಯಾರು ಎಂಬುದೂ. ಆದರೆ ಸಾಕ್ಷಿ? ನನ್ನ ಮಾತಿಗೆ ಅವಳ ಮಾತು. ಅವಳ ಮಾತಿಗೆ ತೂಕ ಹೆಚ್ಚು.

ರಟ್ಟಿನ ಒಳಗಿನ ಫಾರಂ ತೆಗೆದೆ. ಒಂಬತ್ತು ವರ್ಷವಾದರೂ ನೀಲಿ ಮಾಸಿಲ್ಲ. ಸಹಿ ಕೆಳಗಿದೆ, ಮೇಲೆಲ್ಲ ಖಾಲಿ. ಏನು ಬೇಕಾದರೂ ತುಂಬಬಹುದು. ‘ತಪ್ಪೆಲ್ಲ ನನ್ನದೇ’ ಎಂದು ತುಂಬಿದರೂ ಸಹಿ ಅಕ್ಕನದೇ. ಅವಳು ನನಗೆ ಮಾಡಿದ್ದೂ ಅಷ್ಟೇ ತಾನೆ. ಪೆನ್ನಿನ ಮುಚ್ಚಳ ತೆಗೆದೆ. ಒಂದು ಅಕ್ಷರವೂ ಬರೆಯಲಾಗಲಿಲ್ಲ. ಇದರ ಮೇಲೆ ಒಂದು ಸುಳ್ಳು ಬರೆದರೆ ನನಗೂ ಅವಳಿಗೂ ಏನು ವ್ಯತ್ಯಾಸ.

ಖಾಲಿಯಾಗಿಯೇ ಕಳಿಸಿದರೆ ಸಾಕು. ಪದ್ಧತಿ ಯಾರಿಂದ ಬಂತು ಎಂದು ನಿರ್ದೇಶಕರಿಗೆ ಗೊತ್ತಾಗುತ್ತದೆ. ಅವಳ ಕುರ್ಚಿ ಹೋಗುತ್ತದೆ. ನನ್ನದಂತೂ ಹೋಗಿಯೇ ಇದೆ. ಘಟಕಗಳೂ ಹೋಗಬಹುದು — ಆ ಮಾತಿನಲ್ಲಿ ಮಾತ್ರ ಅವಳು ಸುಳ್ಳು ಹೇಳಿಲ್ಲ. ಡ್ರಮ್ಮು ತೊಳೆಯುವ ಹೆಂಗಸರು, ಜೇನುಗೂಡು ಇಟ್ಟವರು... ಅವರ ಮುಖಗಳು ಕಣ್ಣ ಮುಂದೆ ಬರುತ್ತಿವೆ. ಆದರೆ ಮುಂದಿನ ಸಲ ಯಾರ ಡ್ರಾಯರಿನಲ್ಲಿ ಯಾರ ಸಹಿ ಇರುತ್ತದೆ?

ವಿವರಣೆಯ ಹಿಂದೆ ಫಾರಂ ಇಟ್ಟು ಪಿನ್ ಹೊಡೆದೆ. ಲಕೋಟೆಗೆ ಹಾಕಿದೆ. ಇನ್ನೂ ಅಂಟಿಸಿಲ್ಲ.

11.40

ಗೇಟಿನ ಸದ್ದು. ಪುಟ್ಟಿ ಓಡಿದಳು. “ದೊಡ್ಡಮ್ಮ ಬಂದ್ರು!” ಅತ್ತೆಗೆ ನಾವು ಏನೂ ಹೇಳಿಲ್ಲ, ಎಣ್ಣೆಯಿಂದ ಮಂಡಿ ಎಷ್ಟೋ ವಾಸಿ ಎಂದು ಅವಳಿಗೆ ಹೇಳುತ್ತಿದ್ದಾರೆ. ಕುರ್ಚಿ ಎಳೆದ ಸದ್ದು. ನಗು.

“ಎಲ್ಲೇ ಇದ್ದೀಯ? ಬಾರೇ ಇಲ್ಲಿ, ಮಾತಾಡ್ಬೇಕು.”

ಅದೇ ದನಿ. ಹಾಸ್ಟೆಲಿನ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದ ದನಿ. ಬಂದೆ ಅಕ್ಕ ಎಂದು ತಾನಾಗಿಯೇ ಬಾಯಿಗೆ ಬಂತು, ತಡೆದುಕೊಂಡೆ. ಈ ಕೋಣೆಯ ಕಡೆಗೇ ಬರುತ್ತಿದ್ದಾಳೆ. ಮೊದಲು ಲಕೋಟೆ ಅಂಟಿಸುತ್ತೇನೆ. ಆಮೇಲೆ ಬಾಗಿಲು ತೆಗೆಯುತ್ತೇನೆ.