ಅತ್ತೆಯ ಹಾಸಿಗೆ

ಡೊಂಬಿವಲಿ
೧೪ ಆಗಸ್ಟ್ ೨೦೨೪

ಪ್ರೀತಿಯ ಸಂಜನಾಳ ಅಪ್ಪನವರಿಗೆ,

ವೇದಾವತಿಯ ನಮಸ್ಕಾರ. ಹಡಗಿನ ಊಟ ಸೇರುತ್ತಿದೆಯೇ? ಮೊಣಕಾಲು ನೋವು ಹೇಗಿದೆ? ಎಂಜಿನ್ ಕೋಣೆಯ ಮೆಟ್ಟಿಲು ಇಳಿಯುವಾಗ ಪಟ್ಟಿ ಕಟ್ಟಿಕೊಳ್ಳಿ. ನಿಮ್ಮ ಹಡಗು ಸೇರಲು ಹೊರಟಿರುವ ಪೃಥ್ವಿರಾಜ್ ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನು ತುಂಡು ತುಂಡಾಗಿ ಕೇಳಿಸುತ್ತದೆ. ನಿಮ್ಮ ತಮ್ಮ ಮುರಾರಿ ಹೇಳಿದ್ದೂ ನಿಮಗೆ ಅರ್ಧವೇ ಮುಟ್ಟಿರಬೇಕು. ಅತ್ತೆ ಹುಷಾರಾಗುತ್ತಿದ್ದಾರೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ಗಂಜಿಗೆ ಉಪ್ಪಿನಕಾಯಿ ಕೇಳಿದರು. ಸಂಜನಾ "ಆಜಿ, ನಕೋ" ಎಂದು ಮರಾಠಿಯಲ್ಲಿ ತಡೆದು, ತುಳುವಿನಲ್ಲಿ ಬೈಸಿಕೊಂಡಳು.

ನ್ಯುಮೋನಿಯಾ ಜೋರಾಗಿ ಅತ್ತೆಯನ್ನು ನಾನು ಕೆಲಸ ಮಾಡುವ ಐಸಿಯುಗೇ ಸೇರಿಸಿದ್ದು ನಿಮಗೆ ಗೊತ್ತು. ಆಮೇಲೆ ಚೇತರಿಸಿಕೊಂಡರು, ಆಕ್ಸಿಜನ್ ಇಳಿಸಿದರು. ಅಷ್ಟರಲ್ಲಿ ಟಿಟ್ವಾಳಾದಿಂದ ಒಬ್ಬ ಬಾಣಂತಿಯನ್ನು ತಂದರು. ರಕ್ತಸ್ರಾವ ನಿಂತಿರಲಿಲ್ಲ. ಕಲ್ಯಾಣದಲ್ಲಿ ಕೇಳಿದಲ್ಲೆಲ್ಲ ಐಸಿಯು ತುಂಬಿತ್ತು, ನಮ್ಮಲ್ಲೂ ಹಾಗೆಯೇ. ಯಾರನ್ನಾದರೂ ವಾರ್ಡಿಗೆ ಕಳಿಸಲೇಬೇಕಿತ್ತು. ಕಳಿಸಬಹುದಾದ ಸ್ಥಿತಿಯಲ್ಲಿದ್ದವರು ಅತ್ತೆಯೊಬ್ಬರೇ.

ಠಾಣೆಯ ನರ್ಸುಗಳ ತರಬೇತಿಗೆ ಹೋಗುವಾಗ, ಇಷ್ಟು ವರ್ಷ ಐಸಿಯುನಲ್ಲಿ ಸವೆದವಳಿಗೆ ಇನ್ನೆಂಥ ಪಾಠ ಎಂದು ಗೊಣಗಿದ್ದೆನಲ್ಲ. ಅಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: ಹಾಸಿಗೆ ಮೊದಲು ಬಂದವರದ್ದಲ್ಲ, ಅದಿಲ್ಲದೆ ಉಳಿಯದವರದ್ದು, ಮಲಗಿರುವುದು ನಿಮ್ಮವರಾದರೆ ತೀರ್ಮಾನದಿಂದ ಎದ್ದು ಹೋಗಿ. ಅಲ್ಲಿ ಕುಳಿತು ಕೇಳುವಾಗ ಸುಲಭವಾಗಿ ಕಂಡಿತ್ತು. ಇಲ್ಲಿ ನಮ್ಮ ಐಸಿಯುನ ಡಾಕ್ಟರ್ ಯಾಮಿನಿ, ಯಾರನ್ನು ಕಳಿಸುವುದೆಂದು ನನ್ನ ಮುಖ ನೋಡಿದಾಗ, "ನನ್ನನ್ನು ಕೇಳ್ಬೇಡಿ ಡಾಕ್ಟರ್, ಇಲ್ಲಿ ನಾನು ಸೊಸೆ" ಎಂದು ಹೊರಗೆ ಬಂದೆ. ಅಲ್ಲಿ ಬಾಣಂತಿಯ ತಾಯಿ ಚಂದ್ರಬಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಸಮವಸ್ತ್ರ ಕಂಡು "ಸಿಸ್ಟರ್, ಜಾಗಾ ಮಿಳೇಲ್ ನಾ?" ಎಂದರು. ಜಾಗ ಸಿಗುತ್ತದೆಯೇ ಎಂದು ಕೇಳಿದವರಿಗೆ, ಡಾಕ್ಟರ್ ನೋಡುತ್ತಿದ್ದಾರೆ ಎಂದಷ್ಟೇ ಹೇಳಿದೆ.

ಇನ್ನೊಬ್ಬ ಡಾಕ್ಟರನ್ನೂ ಕರೆಸಿ ನೋಡಿ, ಯಾಮಿನಿಯವರು ಅತ್ತೆಯನ್ನು ವಾರ್ಡಿಗೆ ಕಳಿಸಿದರು. ಕೋಪರಖೈರಣೆಯಿಂದ ಓಡಿಬಂದ ಮುರಾರಿ ಎಲ್ಲರೆದುರು ಕೂಗಾಡಿದ: "ನೀವಿದ್ದೂ ಅಮ್ಮನಿಗೆ ಒಂದು ಬೆಡ್ ಉಳಿಸ್ಲಿಕ್ಕೆ ಆಗ್ಲಿಲ್ವಾ ಅತ್ತಿಗೆ?" ಅದೇ ಸಂಜೆ ಅತ್ತೆಗೆ ಮತ್ತೆ ಉಬ್ಬಸ ಬಂತು. ಮಾಸ್ಕ್ ಹಾಕಿ ಕೈ ಹಿಡಿದು ಕೂತೆ. ಹೆಚ್ಚಾದರೆ ಎಲ್ಲಿಗೆ ಒಯ್ಯುವುದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಉಸಿರು ಹದಕ್ಕೆ ಬಂತು. ಬಾಣಂತಿಯೂ ಉಳಿದಳು. ಮುರಾರಿಗೆ ಅದನ್ನು ತಿಳಿಸಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅತ್ತೆಗೆ ಏನಾದರೂ ಆಗಿದ್ದರೆ ಅದೇ ತೀರ್ಮಾನ ತಪ್ಪಾಗಿಬಿಡುತ್ತಿತ್ತೇ? ಮುಂದಿನ ತರಬೇತಿಯಲ್ಲಿ ಇದನ್ನು ಕೇಳಬೇಕೆಂದಿದ್ದೇನೆ.

ಅತ್ತೆಯ ಆಶೀರ್ವಾದ, ಸಂಜನಾಳ ಅಕ್ಕರೆ ಎರಡೂ ಇದರ ಜೊತೆಗೆ ಬರುತ್ತಿವೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ವೇದಾವತಿ

ತಾ.ಕ.: ಪೃಥ್ವಿರಾಜ್ ಬಾಗಿಲಲ್ಲೇ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಹೊರಗೆ ಬಂದದ್ದು ನಿಜ. ಆದರೆ ಡಾಕ್ಟರ್ ನನ್ನನ್ನೇ ಕೇಳಿದ್ದರೂ ಅತ್ತೆಯನ್ನೇ ಕಳಿಸಿ ಎನ್ನುತ್ತಿದ್ದೆ. ಮುರಾರಿಗೆ ಇದನ್ನು ಹೇಳಿಲ್ಲ. ಅತ್ತೆಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡರು, ನನ್ನ ಕೈ ಮಾತ್ರ ಬಿಡಲಿಲ್ಲ. ನೀವು ಏನೆನ್ನುತ್ತೀರೋ, ತಡಮಾಡದೆ ತಿಳಿಸಿ.