ಹಿಂದೆ ಯಾರೂ ಇಲ್ಲ

ಅಕ್ಟೋಬರ್ ೧೯, ಭಾನುವಾರ
ಹೊಲಿಗೆ ಮೇಜಿನಿಂದ

ಪ್ರೀತಿಯ ಬಾಲಮ್ಮನಿಗೆ ನಿನ್ನ ಅತ್ತಿಗೆಯ ನೆನಪುಗಳು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಬೆಟ್ಟ ಇಳಿದ ಕೂಡಲೇ ಬರೆಯುತ್ತೇನೆ ಎಂದವಳು ಇಷ್ಟು ತಡ ಮಾಡಿದೆ, ಬೈದುಕೋ. ನಾವು ಊರಿಗೆ ಬರುವಷ್ಟರಲ್ಲಿ ಆಸ್ಪತ್ರೆಯ ಪರದೆ ಬಟ್ಟೆ ರಾಶಿಯಾಗಿ ಬಾಗಿಲಲ್ಲಿ ಕಾಯುತ್ತಿತ್ತು. ಎಲ್ಲ ಹಸಿರು, ಎಲ್ಲ ಉದ್ದುದ್ದ ಹೊಲಿಗೆ. ಕಣ್ಣು ಮುಚ್ಚಿದರೂ ಹಸಿರೇ ಕಾಣುತ್ತಿತ್ತು. ಇವತ್ತು ಕೊನೆಯ ಪರದೆ ಮಡಿಸಿಟ್ಟು, ಮೇಜಿನ ಮೇಲಿನ ದಾರದ ಚೂರು ಗುಡಿಸಿ ಕೂತಿದ್ದೇನೆ. ನನ್ನ ಅಕ್ಷರ ನಿನಗೆ ಗೊತ್ತೇ ಇದೆ. ಅಂಗಡಿಯ ಬೋರ್ಡು ನೋಡಿ ಕಲಿತ ಕೈ, ಬೋರ್ಡಿನಷ್ಟೇ ದಪ್ಪ ಬರೆಯುತ್ತದೆ. ಒಂದು ಪುಟದ ಮಾತಿಗೆ ನನಗೆ ನಾಲ್ಕು ಪುಟ ಬೇಕು.

ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನ್ನ ಅತ್ತೆಯನ್ನು, ನಿಮ್ಮಮ್ಮನನ್ನು, ಮಣ್ಣು ಮಾಡುವ ದಿನ ಹಳಿಯ ಮೇಲೆ ಗುಡ್ಡ ಕುಸಿದು ನಿನ್ನ ರೈಲು ನಡುದಾರಿಯಲ್ಲಿ ನಿಂತಿತು. ನೀನು ಬಂದು ಹೊಸಿಲ ಹತ್ತಿರ ಚೀಲ ಇಡುವ ಹೊತ್ತಿಗೆ ಎಲ್ಲ ಮುಗಿದಿತ್ತು. "ಕೊನೆಯವರು ಬರೋ ತನಕ ಕಾಯೋ ಮನೆ ನಮ್ದು ಅಂತಿದ್ಯಲ್ಲ ಅಣ್ಣಾ, ನನಗೆ ಕಾಯ್ಲಿಲ್ವಲ್ಲ" ಎಂದು ಒಮ್ಮೆ ಹೇಳಿದೆ, ಆಮೇಲೆ ನಿಮ್ಮಣ್ಣನ ಜೊತೆ ಮಾತೇ ಬಿಟ್ಟೆ. ಯಾರದು ಸರಿ ಎಂದು ಹೇಳಲು ನಾನು ಈ ಕಾಗದ ಬರೆಯುತ್ತಿಲ್ಲ. ಅಳತೆ ತೆಗೆಯುವುದಷ್ಟೇ ನನ್ನ ಕಸುಬು. ಆದರೆ ಮನಸ್ಸಿನಲ್ಲಿರುವುದನ್ನು ಸುತ್ತಿ ಬಳಸದೆ ಹೇಳುತ್ತೇನೆ: ಮುಂದಿನ ಸಲ ಬೆಟ್ಟಕ್ಕೆ ನೀನು ಬರಬೇಕು. ಈಗ ಸುದ್ದಿ ಕೇಳು.

ನಾವು ಇಳಿದುಕೊಂಡಿದ್ದು ಮರದ ಮೆಟ್ಟಿಲಿನ ಹಳೇ ವಸತಿಗೃಹ. ಯಾರು ಯಾವ ಮೆಟ್ಟಿಲ ಮೇಲಿದ್ದಾರೆ ಎಂದು ಮಲಗಿದಲ್ಲೇ ಹೇಳಬಹುದು, ಅಷ್ಟು ಕಿರುಗುಟ್ಟುತ್ತದೆ. ಕಿಟಕಿ ತೆಗೆದರೆ ಎದುರಿಗೇ ಬೆಟ್ಟದ ನೆತ್ತಿಯ ಉದ್ದನೆಯ ಏಣು, ಮಡಿಕೆ ಬಿದ್ದ ಬೂದು ಕಂಬಳಿಯ ಹಾಗೆ. ನಾನು, ನಿಮ್ಮಣ್ಣ, ನಮ್ಮ ಮಗಳು, ಮೊಮ್ಮಗಳು ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ನಿನ್ನ ಚಿಕ್ಕಣ್ಣ ಮೀಟರ್ ಮತ್ತು ಅವನ ಹೆಂಡತಿ ನರ್ಸಮ್ಮ. ಟ್ಯಾಕ್ಸಿ ಓಡಿಸುವುದು ಬಿಟ್ಟು ಎಷ್ಟೋ ಕಾಲವಾದರೂ ಮೀಟರನ ಬಾಯಿ ಇನ್ನೂ ಓಡುತ್ತಲೇ ಇದೆ. ಪ್ರತಿ ತಿರುವಿಗೂ "ಇಲ್ಲಿಂದ ಇನ್ನೇನು ಹತ್ರ" ಎನ್ನುತ್ತಾನೆ. ನರ್ಸಮ್ಮ ತಿರುಗಿ ನೋಡದೆಯೇ, "ನೀವು ಹತ್ರ ಅಂದಾಗೆಲ್ಲ ನನ್ನ ಕಾಲಿಗೊಂದು ಬೊಬ್ಬೆ ಬರ್ತಿದೆ, ದಯವಿಟ್ಟು ದೂರ ಅನ್ನಿ" ಎನ್ನುತ್ತಾಳೆ.

ಮೊದಲ ದಿನ ಕೆರೆಯ ಸುತ್ತ ನಡೆದೆವು. ನೀರು ಎಷ್ಟು ತಿಳಿ ಎಂದರೆ ತಳದ ಕಲ್ಲಿನ ನೆರಳೂ ಕಾಣುತ್ತಿತ್ತು. ಮಾರನೆಯ ದಿನ ಬೋಳುಬಂಡೆ. ಅಲ್ಲಿ ನಾನು ಕೂತೇ ಇಳಿದೆ. ನಗಬೇಡ, ನನ್ನ ಲಂಗದ ಹಿಂಬದಿ ಸವೆದು ಹೋಯಿತು, ಬಂದು ತೇಪೆ ಹಾಕಿಕೊಂಡೆ. ಮೇಲಿನಿಂದ ನೋಡಿದರೆ ಕಣಿವೆಯಲ್ಲಿ ರೈಲು ಹಾದಿ, ನಿಮ್ಮಪ್ಪ ಕೆಲಸ ಮಾಡುತ್ತಿದ್ದಂಥದ್ದೇ ಒಂದು ಸುರಂಗದ ಕಪ್ಪು ಬಾಯಿ. ಮೊಮ್ಮಗಳು, "ಮುತ್ತಾತ ಅದರೊಳಗೆ ಏನು ಮಾಡ್ತಿದ್ರು?" ಎಂದು ಕೇಳಿದಳು. ನಿಮ್ಮಣ್ಣ ಬಂಡೆಯ ಮೇಲೆ ಕೂತು ಹೇಳಿದರು: ಸುರಂಗದ ಬಾಯಲ್ಲಿ ದೀಪ ಹಿಡಿದು ಒಬ್ಬ ನಿಲ್ಲುತ್ತಿದ್ದ, ಕೆಲಸ ಮುಗಿಸಿ ಎಲ್ಲರೂ ಹೊರಗೆ ಬರುತ್ತಿದ್ದರು, ಕಟ್ಟಕಡೆಯವನು ಬಂದು "ಹಿಂದೆ ಯಾರೂ ಇಲ್ಲ" ಎಂದ ಮೇಲೆಯೇ ದೀಪ ಇಳಿಸಬೇಕು. ಅವನು ಹೇಳುವ ತನಕ ಮಳೆಯೋ ಗಾಳಿಯೋ, ದೀಪದವನು ಕದಲುವ ಹಾಗಿಲ್ಲ.

ಮಾವ ಆ ಕಟ್ಟಳೆಯನ್ನು ಮನೆಗೂ ತಂದರು ಎಂದು ನಿನಗೆ ನಾನು ಹೇಳಬೇಕೆ? ಬಾಗಿಲಿಗೆ ಬೀಗ ಹಾಕುವವರೂ ಹೇಳಬೇಕಿತ್ತು. ನಾನು ಮದುವೆಯಾಗಿ ಬಂದ ವಾರ ಎಲ್ಲರೂ ಬಸ್ಸು ಹತ್ತಿದಿರಿ, ಹೊಸ ಸೊಸೆ ಕೊನೆಗೆ ಹತ್ತಿ ತೆಪ್ಪಗೆ ಕೂತೆ. ಮಾವ ಬಸ್ಸಿನ ಬಾಗಿಲು ಹಿಡಿದು ನಿಂತೇ ಇದ್ದರು. ಡ್ರೈವರು ಬೈಯುತ್ತಿದ್ದಾನೆ, ಜನ ಕೂಗುತ್ತಿದ್ದಾರೆ, ನನಗೆ ತಲೆಬುಡ ತಿಳಿಯದು. ಆಗ ಎರಡು ಜಡೆಯ ನೀನು ನನ್ನ ಕಿವಿಯಲ್ಲಿ, "ಅತ್ತಿಗೆ, ಹಿಂದೆ ಯಾರೂ ಇಲ್ಲ ಅಂತ ಹೇಳಿ, ಇಲ್ದಿದ್ರೆ ಇವತ್ತು ಬಸ್ಸು ಹೋಗಲ್ಲ" ಎಂದೆ. ಬೆಟ್ಟಕ್ಕೆ ಹೋದಾಗ ಆ ಕೆಲಸ ಯಾವಾಗಲೂ ನಿನ್ನದೇ. ಎಲೆ, ಕಲ್ಲು, ಹುಳ ಎಂದು ನೋಡುತ್ತ ಕೊನೆಗೆ ಬರುತ್ತಿದ್ದವಳು ನೀನು. ಅದಕ್ಕೇ ಅಲ್ಲವೇ ಮಾವ ಬಾಲ ಎಂದು ಕರೆದದ್ದು. ಮುಂದೆ ನಡೆಯುವ ನಿಮ್ಮಣ್ಣ ಕವಲು ಬಂದಲ್ಲಿ ನಿಲ್ಲುತ್ತಿದ್ದರು, ಎಲ್ಲರನ್ನೂ ಸರಿಯಾದ ದಾರಿಗೆ ದಾಟಿಸುತ್ತಿದ್ದರು, ಕೊನೆಗೆ ನೀನು ಬಂದು ಕೂಗಿದ ಮೇಲೆ ಹೆಜ್ಜೆ ಕಿತ್ತು ಮತ್ತೆ ಮುಂದಕ್ಕೆ ಬರುತ್ತಿದ್ದರು.

ಮೂರನೆಯ ದಿನ ಏಣು ಹತ್ತಿದೆವು. ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ನಾನು ಎಲ್ಲರಿಗೂ ಹಳದಿ ಮಳೆಯಂಗಿ ಹೊಲಿದು ತಂದಿದ್ದೆ, ಅದೂ ನಾಲ್ಕು ಮಾರು ಆಚೆ ಕಾಣುತ್ತಿರಲಿಲ್ಲ. ಒಂದು ಕಡೆ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ತಂಗುಮನೆ, ಎಡಕ್ಕೆ ಹೋದರೆ ಹಳೇ ಕಲ್ಲುಗಣಿಯ ಹೊಂಡ. ನಿಮ್ಮಣ್ಣ ಆ ಕವಲಲ್ಲಿ ಕೋಲೂರಿ ನಿಂತು, "ಬಲಕ್ಕೆ, ಬಲಕ್ಕೆ" ಎಂದು ಒಬ್ಬೊಬ್ಬರನ್ನೇ ದಾಟಿಸಿದರು. ಕಟ್ಟಕಡೆಗೆ ಬಂದದ್ದು ನರ್ಸಮ್ಮ. ಕಾಲು ಉರಿಯುತ್ತಿತ್ತು, ತಲೆ ತಗ್ಗಿಸಿಕೊಂಡು ಹೋಗಿಬಿಟ್ಟಳು. ಹೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಇಷ್ಟು ಕಾಲ ಅವಳ ಹಿಂದೆ ಯಾವಾಗಲೂ ನೀನಿರುತ್ತಿದ್ದೆ.

ತಂಗುಮನೆಯಲ್ಲಿ ಒಲೆಯ ಮುಂದೆ ಕೂತು ಟೀ ಕುಡಿದೆವು, ಕಾಲುಚೀಲ ಒಣಗಿಸಿದೆವು. ನಿಮ್ಮಣ್ಣ ಹೊರಗೆ ಮೀಟರನ ಜೊತೆ ಇದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಮೀಟರ್ ಒಳಗೆ ಬಂದು, "ಅತ್ತಿಗೆ, ಅಣ್ಣ ಎಲ್ಲಿ?" ಎಂದಾಗ ಲೋಟ ಅಲ್ಲೇ ಬಿಟ್ಟು ಎದ್ದೆ. ಆ ಹೊಂಡ ನೆನಪಾಯಿತು. ನಾನು, ಮೀಟರ್, ಹಿಂದಿನಿಂದ ಮೊಮ್ಮಗಳು, ಕೂಗುತ್ತ ಓಡಿದೆವು.

ಅವರು ನಾವು ಬಿಟ್ಟುಬಂದ ಜಾಗದಲ್ಲೇ ಇದ್ದರು. ಅದೇ ಕವಲು, ಅದೇ ಕೋಲು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನಣ್ಣ, ಮೈಲಿಗಲ್ಲಾಗೋ ಯೋಚನೇನಾ?" ಎಂದ ಮೀಟರ್.

"ಯಾರೂ ಹೇಳ್ಲಿಲ್ಲ. ಹೇಗೆ ಬರ್ಲಿ?"

"ಇರೋದೇ ಒಂದು ಹಿಡಿ ಜನ. ಎಲ್ಲಾ ನಿನ್ನ ಮುಂದೇನೇ ಹೋದ್ವಲ್ಲ. ಎಣಿಸೋಕೆ ಬರಲ್ವಾ?"

"ಎಣಿಸೋದಲ್ಲ ಕಣೋ, ಹೇಳ್ಬೇಕು."

ಮೊಮ್ಮಗಳು ಕುಣಿಯುತ್ತ, "ತಾತ, ನಾನು ಹೇಳ್ತೀನಿ! ಹಿಂದೆ ಯಾ..." ಎನ್ನುವಷ್ಟರಲ್ಲಿ ನಿಮ್ಮಣ್ಣ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ಗದರಲಿಲ್ಲ, ಮೆಲ್ಲಗೆ, "ನೀನು ಹೇಳ್ಬೇಡ ಪುಟ್ಟಿ" ಎಂದರು. ಆಮೇಲೆ ನಾನು ಕೈ ಹಿಡಿದು ಎಳೆದೆ, ಬಂದರು. ದಾರಿಯಲ್ಲಿ ಎರಡು ಸಲ ಹಿಂದಕ್ಕೆ ನೋಡಿದ್ದನ್ನು ನಾನು ಕಂಡೆ.

ಅವತ್ತು ಊಟದ ಮೇಜಿನಲ್ಲಿ ಮೀಟರ್ ಸುಮ್ಮನಿರಲಿಲ್ಲ. "ಹೀಗೇ ಆದ್ರೆ ಒಂದಿನ ಯಾರಾದ್ರೂ ಹೊಂಡಕ್ಕೆ ಬೀಳ್ತಾರೆ. ಇನ್ಮೇಲೆ ನರ್ಸಮ್ಮನೇ ಬಾಲ. ಅವಳ ನಡಿಗೆಗೆ ಅದೇ ಸರಿ" ಎಂದ. ನರ್ಸಮ್ಮ ಚಮಚ ಎತ್ತಿ ಹೊಡೆಯುವವಳ ಹಾಗೆ ಮಾಡಿದಳು, ಎಲ್ಲರೂ ನಕ್ಕೆವು. ನಿಮ್ಮಣ್ಣ ನಗಲಿಲ್ಲ. ತಟ್ಟೆಯಿಂದ ತಲೆಯೆತ್ತದೆ, "ಆ ಕೆಲಸಕ್ಕೆ ಆಳು ಇದೆ" ಎಂದರು. ಮೀಟರನ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇಕಾದರೆ ನರ್ಸಮ್ಮನನ್ನು ಕೇಳು.

ಮಾರನೆಯ ದಿನ, ಮಂಜಿನಲ್ಲಿ ನೆನೆದದ್ದಕ್ಕೆ, ನಿಮ್ಮಣ್ಣನಿಗೆ ಜ್ವರ ಬಂತು. ಗಾಬರಿ ಬೇಡ, ಈಗ ಗುಂಡುಕಲ್ಲಿನ ಹಾಗಿದ್ದಾರೆ, ನಿನ್ನೆ ನನ್ನ ಮೆಷಿನ್ನಿಗೆ ಎಣ್ಣೆ ಬಿಡುತ್ತೇನೆಂದು ಹೋಗಿ ಅರ್ಧ ಪರದೆಗೆ ಬಿಟ್ಟರು. ಉಳಿದವರು ಜಲಪಾತ ನೋಡಿ ಬಂದರು. ನಾವಿಬ್ಬರೂ ಕೋಣೆಯಲ್ಲೇ ಇದ್ದೆವು. ಹೊರಡುವ ದಿನ ಬಿಸಿಲು ಬಂದು ಏಣು ಪೂರ್ತಿ ಕಂಡಿತು. ನೀನಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನಿನ್ನ ಮಳೆಯಂಗಿ. ಎಲ್ಲರದರ ಜೊತೆಗೇ ಹೊಲಿದೆ, ಬೆಟ್ಟಕ್ಕೂ ಹೊತ್ತು ತಂದಿದ್ದೆ. ನಿನ್ನ ಅಳತೆ ನನ್ನ ಕೈಗೆ ಗೊತ್ತು, ಆದರೂ ಭುಜದಲ್ಲಿ ಒಂದು ಬೆರಳು ಸಡಿಲ ಬಿಟ್ಟಿದ್ದೇನೆ, ವಯಸ್ಸು ಯಾರನ್ನೂ ಬಿಡುವುದಿಲ್ಲ. ತೊಟ್ಟು ನೋಡಿ ಹೇಗಿದೆ ಎಂದು ಬರೆ. ನಿನ್ನ ಮನೆಯವರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಹೊಟ್ಟೆ ತಣ್ಣಗಿರಲಿ, ಕಾಲು ಗಟ್ಟಿಯಾಗಿರಲಿ, ನಡೆದ ದಾರಿಯಲ್ಲೆಲ್ಲ ನೆರಳು ಸಿಗಲಿ.

ನಿನ್ನ ತಲೆ ನೇವರಿಸುತ್ತಾ,
ಅತ್ತಿಗೆ

ಮರೆತದ್ದು: ಮರೆತೆ ಎಂದರೆ ಸುಳ್ಳು. ಮೇಲೆ ಬರೆಯಲು ಕೈ ಬರಲಿಲ್ಲ. ಜ್ವರದ ದಿನ ಮಧ್ಯಾಹ್ನ ಹಣೆಯ ಬಟ್ಟೆ ಬದಲಿಸುತ್ತ, "ನಿಜ ಹೇಳಿ, ಎಲ್ರೂ ದಾಟಿದ್ದು ನಿಮಗೆ ಗೊತ್ತಿತ್ತು ತಾನೇ? ನೀವೇ ಹೇಳ್ಕೊಂಡು ಬಂದಿದ್ರೆ ಆಗ್ತಿತ್ತಲ್ಲ" ಎಂದೆ. ಅವರು ಗೋಡೆಯ ಕಡೆ ತಿರುಗಿಕೊಂಡು ಹೇಳಿದರು. ಅತ್ತೆಯ ದಿನ ನಾನಿದ್ದ ಹೆಂಗಸರ ಗಾಡಿ ಮುಂದೆ ಹೊರಟಿತ್ತು. ಅತ್ತೆಯನ್ನು ಮಲಗಿಸಿದ ಗಾಡಿಯ ಡ್ರೈವರು ಹಿಂಬಾಗಿಲಿಗೆ ಕೈ ಹಾಕಿ, "ಯಜಮಾನ್ರೇ, ಬಾಗಿಲು ಹಾಕ್ಲಾ? ಹಿಂದೆ ಯಾರಾದ್ರೂ ಬರೋರಿದ್ದಾರಾ?" ಎಂದು ಕೇಳಿದನಂತೆ. ಸ್ಮಶಾನದ ಗೇಟು ಹಾಕುವ ಹೊತ್ತಾಗಿತ್ತು, ನಿನ್ನ ರೈಲಿನ ಸುದ್ದಿ ಇರಲಿಲ್ಲ, ಎಲ್ಲರೂ ಇವರ ಮುಖವನ್ನೇ ನೋಡುತ್ತಿದ್ದರಂತೆ. "ಹಿಂದೆ ಯಾರೂ ಇಲ್ಲ ಅಂದ್ಬಿಟ್ಟೆ ಕಣೇ. ಅವಳು ದಾರೀಲಿದ್ಲು, ನಾನು ಯಾರೂ ಇಲ್ಲ ಅಂದ್ಬಿಟ್ಟೆ" ಎಂದರು. ಅದಾದ ಮೇಲೆ ಆ ಮಾತು ಅವರ ಬಾಯಿಂದ ಬಂದೇ ಇಲ್ಲ. ಮನೆ ಬಿಡುವಾಗ ಬೀಗದ ಕೈ ನನಗೆ ಕೊಟ್ಟು ತಾವು ಮೊದಲು ಮೆಟ್ಟಿಲಿಳಿದು ಹೋಗುತ್ತಾರೆ. ಬಗ್ಗಿ ಬೀಗ ಹಾಕಲು ಮಂಡಿನೋವು ಬಿಡುವುದಿಲ್ಲವೇನೋ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ.