ಶೆಡ್ಡಿನಲ್ಲಿ ಕಾಣದ ದೋಷ

ಜನವರಿ ೧೭, ಬುಧವಾರ

ಪೈಲಟಮ್ಮನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಹೋದ ವಾರವೇ ಹೇಳಿದ್ದರು: "ಮೇಲೆ ಹೋದ್ಮೇಲೆ ಎಡಗಡೆ ರಬ್ಬರು ಉಬ್ಬೋದೇ ಇಲ್ಲ." ರೆಕ್ಕೆಯಂಚಿನ ಆ ರಬ್ಬರು ಗಾಳಿ ತುಂಬಿ ಉಬ್ಬಿದರೆ ತಾನೇ ಅದರ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆದು ಉದುರುವುದು? ಎರಡು ಎಂಜಿನ್ನಿನ ಆ ಪುಟ್ಟ ವಿಮಾನವನ್ನು ಬೆಚ್ಚಗಿನ ಶೆಡ್ಡಿಗೆ ತಂದು ಗಾಳಿ ಬಿಟ್ಟೆ, ಚೆನ್ನಾಗಿಯೇ ಉಬ್ಬಿತು. ಸೋಪಿನ ನೀರು ಸವರಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. "ನನ್ನ ಕೈಲಿ ಸರಿಯಾಗೇ ಇದೆಯಲ್ಲ ಮೇಡಂ, ಸ್ವಿಚ್ಚು ಗಟ್ಟಿಯಾಗಿ ಒತ್ತಿ ನೋಡಿ" ಎಂದೆ. ಸುತ್ತಲಿದ್ದವರು ನಕ್ಕರು. ನನಗೂ ಹಿತವಾಗಿತ್ತು.

ಇವತ್ತು ಎಡರೆಕ್ಕೆಯ ಉದ್ದಕ್ಕೂ ಮಂಜುಗಡ್ಡೆ ಹೊತ್ತೇ ಇಳಿದರು. ಕೈಗವಸು ಕಳಚಿ, ಆ ಗಡ್ಡೆಯನ್ನೊಮ್ಮೆ ಬೆರಳಲ್ಲಿ ತಟ್ಟಿ ತೋರಿಸಿದರು. ಹಾಗೇ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ಶೆಡ್ಡಿಗೆ ತರದೆ, ಹೊರಗೆ ಚಳಿಯಲ್ಲೇ ನಿಂತು ಬಿಚ್ಚಿದೆ. ರಬ್ಬರಿಗೆ ಗಾಳಿ ಬಿಡುವ ಕವಾಟದೊಳಗೆ ನೀರು ಸೇರಿ, ಬಟಾಣಿಯಷ್ಟು ಗಡ್ಡೆ ಕಟ್ಟಿಕೊಂಡಿತ್ತು. ಶೆಡ್ಡಿನ ಶಾಖಕ್ಕೆ ಅದು ಕರಗಿಬಿಡುತ್ತಿತ್ತು; ಹಾಗಾಗಿ ನನ್ನೆದುರು ಯಾವತ್ತೂ ಎಲ್ಲ ಸರಿ.

ನನ್ನವಳೂ ಹೇಳುತ್ತಿದ್ದಳು, "ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಳ್ಳುತ್ತೆ ಕಣ್ರೀ" ಎಂದು. ಒಂದು ದಿನ ಜೊತೆಗೇ ಹತ್ತಿ, "ಚೆನ್ನಾಗೇ ಹತ್ತುತ್ತೀಯಲ್ಲ" ಎಂದೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ವಾಸಿಯಾಯಿತು ಅಂದುಕೊಂಡಿದ್ದೆ.

ಸಂಜೆ ನಾನು ಬಂದಾಗ ಮೆಟ್ಟಿಲ ಮಧ್ಯೆ ಗೋಡೆ ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ ಕೈ ತೆಗೆದು ಬೇಗ ಬೇಗ ಹತ್ತಿಹೋದಳು.